ತಲೆಯ ಕಡೆಯಿಂದ ಕಂಡ ಸಾಮಾನ್ಯ ಮನುಷ್ಯ

ನಮ್ಮ ಸೋದರಮಾವನಷ್ಟು ಜನರನ್ನು ಮಲಗಿಸಿದವರು ಇಡೀ ಲಂಡನ್ನಿನಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ! ಗಾಬರಿಯಾಗಬೇಡಿ, ಮಲಗಿಸಿದವರನ್ನೆಲ್ಲ ಜೋಪಾನವಾಗಿ ಎಬ್ಬಿಸಿಯೂ ಇದ್ದಾರೆ. ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಮುಂಚೆ ರೋಗಿಗಳಿಗೆ ಅರಿವಳಿಕೆ ಕೊಡುವ ಡಾಕ್ಟರಾಗಿದ್ದವರು ಅವರು. ನಿವೃತ್ತರಾಗಿ ಕೆಂಟನ್ ಬಡಾವಣೆಯ ಮನೆಯಲ್ಲಿ ಕೂತ ಮೇಲೂ ಆ ಕೈಗುಣ ಹೋಗಿಲ್ಲ. ಈಗ ಸೂಜಿ ಬೇಡ, ಗ್ಯಾಸ್ ಬೇಡ, ಬಾಯಿ ತೆರೆದರೆ ಸಾಕು. ಹೋಳಿಗೆ ಊಟ ಮುಗಿಸಿ ಸೋಫಾದಲ್ಲಿ ಒರಗಿದವರ ಮುಂದೆ ನಿಂತು "ರೊಮ್ಯಾಂಟಿಕ್ ಯುಗದ ಕಲೆಯಲ್ಲಿ ಸಾಮಾನ್ಯ ಮನುಷ್ಯನ ಉದಯ" ಎಂದು ಶುರುಮಾಡುತ್ತಾರೆ. ಉದಯವಾಗುವ ಹೊತ್ತಿಗೆ ಎದುರಿಗಿದ್ದವರೆಲ್ಲ ಗೊರಕೆ ಹೊಡೆಯುತ್ತಿರುತ್ತಾರೆ!

ಈ ಹುಚ್ಚು ಹಿಡಿಸಿದ್ದು ಬೇರೆ ಯಾರೂ ಅಲ್ಲ, ನಮ್ಮ ಅತ್ತೆಯೇ. ಮಾವ ಮೈಸೂರಿನವರು, ಅತ್ತೆ ಧಾರವಾಡದವರು. ನಿವೃತ್ತಿಯ ಮಾರನೆಯ ದಿನದಿಂದಲೇ ಮಾವ ಅಡುಗೆಮನೆ ಸೇರಿಕೊಂಡರು. ಏನು ಸಹಾಯ ಮಾಡುತ್ತಿದ್ದರು ಅಂತೀರಾ? ಕುಕ್ಕರಿನ ಪಕ್ಕ ಕೈಕಟ್ಟಿ ನಿಂತು, ಒಂದೊಂದು ವಿಷಲ್ಲಿಗೂ "ಪ್ರೆಷರ್ ಚೆನ್ನಾಗಿದೆ, ಏನೂ ಯೋಚನೆ ಇಲ್ಲ" ಎಂದು ವರದಿ ಒಪ್ಪಿಸುತ್ತಿದ್ದರು! ಕೊನೆಗೊಂದು ದಿನ ಅತ್ತೆ ಸೌಟು ಕೆಳಗಿಟ್ಟು ಹೇಳಿದರು: "ನೀವು ಎಲ್ಲೆರೆ ಹೋಗ್ರಿ. ನನ್ನ ಬ್ಯಾಳಿಗೆ ಡಾಕ್ಟರ್ ಬೇಕಾಗಿಲ್ಲ."

ಮಾವ ಹೋದರು. ಹತ್ತಿರದ ಲೈಬ್ರರಿಯಲ್ಲಿ ಕೌನ್ಸಿಲ್‌ನವರು ನಡೆಸುವ ಚಿತ್ರಕಲೆಯ ಕ್ಲಾಸಿಗೆ ಸೇರಿದರು. ಅಲ್ಲಿ ಪಾಠ ಹೇಳುವ ಹೆಂಗಸು ಒಂದು ದಿನ ಸುಮ್ಮನೆ ಮಾತಿಗೆ ಹೇಳಿದರಂತೆ: ಹಿಂದಿನ ಕಾಲದ ಚಿತ್ರಗಳಲ್ಲಿ ನಡುಮಧ್ಯೆ ರಾಜ, ದೇವರು, ಸೇನಾಪತಿ. ಸಾಮಾನ್ಯ ಮನುಷ್ಯನಿಗೆ ಸಿಕ್ಕರೆ ಒಂದು ಮೂಲೆ. ಆಮೇಲೆ ರೊಮ್ಯಾಂಟಿಕ್ ಯುಗ ಬಂತು. ಕಲಾವಿದರು ಅರಮನೆಯಿಂದ ಹೊರಗೆ ಬಂದು ಹೊಲ ಕೊಯ್ಯುವವನನ್ನು, ಬಟ್ಟೆ ಒಗೆಯುವವಳನ್ನು, ದೋಣಿ ನಡೆಸುವವನನ್ನು ಕಣ್ಣುಬಿಟ್ಟು ನೋಡಿದರು. ಕವಿಗಳೂ ಅಷ್ಟೆ, ದಾರಿಯಲ್ಲಿ ಕಂಡ ಮುದುಕನ ಬಗ್ಗೆ ಆ ಮುದುಕ ಆಡುವ ಮಾತಿನಲ್ಲೇ ಪದ್ಯ ಬರೆದರು. ಕ್ಲಾಸಿನ ಉಳಿದವರು ಇದನ್ನು ಕೇಳಿ ಚಹಾ ಕುಡಿದು ಮನೆಗೆ ಹೋದರು. ನಮ್ಮ ಮಾವನಿಗೆ ಮಾತ್ರ ಅದು ನೇರವಾಗಿ ನೆತ್ತಿಗೇರಿತು! ಕ್ಲಾಸಿನ ಕೊನೆಯಲ್ಲಿ ಅದೇ ಲೈಬ್ರರಿಯಲ್ಲಿ ಒಂದು ಪ್ರದರ್ಶನ, ಒಬ್ಬೊಬ್ಬರದೂ ಒಂದೊಂದು ಚಿತ್ರ. ಮಾವ ಕುಂಚ ಹಿಡಿಯುವುದಕ್ಕೆ ಮೊದಲೇ ಹೆಸರು ಘೋಷಿಸಿಬಿಟ್ಟರು: "ಸಾಮಾನ್ಯ ಮನುಷ್ಯ". ಕನ್ನಡ ಸಂಘದವರಿಗೆಲ್ಲ ಆಮಂತ್ರಣವೂ ಹೋಯಿತು. ಚಿತ್ರ ಒಂದು ಬಾಕಿ.

ಇದೇ ಹೊತ್ತಿಗೆ ಅತ್ತೆಯ ಪಿತ್ತಕೋಶದಲ್ಲಿ ಕಲ್ಲು ಕಾಣಿಸಿಕೊಂಡಿತು. ಆಪರೇಷನ್ನಿಗೆ ದಿನ ಗೊತ್ತಾಯಿತು. ಅದು ಪ್ರದರ್ಶನಕ್ಕೆ ಸ್ವಲ್ಪ ಮುಂಚೆ.

"ಕೊಯ್ಯೂದಕ್ಕ ನಾ ಅಂಜೂದಿಲ್ಲವ್ವ," ಎಂದರು ಅತ್ತೆ ನನ್ನ ಹತ್ತಿರ. "ಮಲಗಿಸಿದ ಮ್ಯಾಲೆ ಎಚ್ಚರ ಆಗದಿದ್ರ?"

"ಅಯ್ಯೋ ಅತ್ತೆ, ಮನೆಯಲ್ಲೇ ಅದರ ಡಾಕ್ಟರ್ ಇದ್ದಾರಲ್ಲ! ಕೇಳಿ."

"ಕೇಳೀನಿ. ಕೇಳಿದ ಕೂಡ್ಲೆ ಚಿತ್ರಾ ತಗೀತೀನಿ ಅಂತ ಎದ್ದು ಹೋಗ್ತಾರ. ಊರ ಮಂದಿಗೆಲ್ಲಾ ಧೈರ್ಯಾ ಹೇಳಿದವರು, ಹೆಂಡ್ತಿಗೆ 'ಏಳ್ತೀ' ಅಂತ ಒಂದ ಮಾತು ಅನ್ಲಿಕ್ಕೆ ಇವ್ರಿಗೆ ಏನ ಧಾಡಿ?"

ನಿಜವಾಗಿಯೂ ಹಾಗೇ ನಡೆಯುತ್ತಿತ್ತು. ಆಪರೇಷನ್ನಿನ ದಿನ ಹತ್ತಿರ ಬಂದಷ್ಟೂ ಸಾಮಾನ್ಯ ಮನುಷ್ಯನ ಹುಡುಕಾಟ ಜೋರಾಗುತ್ತಿತ್ತು.

ನಾನು ಕೊಲಿಂಡೇಲಿನ ಹೊಸ ಫ್ಲ್ಯಾಟೊಂದರಲ್ಲಿ ಗಂಡನ ಜೊತೆ ಬಾಡಿಗೆಗಿರುವವಳು. ವಾರವಿಡೀ ಲ್ಯಾಪ್‌ಟಾಪ್ ದಿಟ್ಟಿಸಿ ಶನಿವಾರ ಹೊದ್ದು ಮಲಗುವುದೇ ನಮ್ಮ ಸುಖ. ಅಂಥ ಒಂದು ಶನಿವಾರ ಮಾವ ಬಂದು ನನ್ನನ್ನು ಹೊದಿಕೆಯಿಂದ ಎಬ್ಬಿಸಿ, ಟ್ಯೂಬ್ ರೈಲು ಹತ್ತಿಸಿ, ನಗರದ ಮಧ್ಯದ ದೊಡ್ಡ ಚಿತ್ರಶಾಲೆಗೆ ಕರೆದುಕೊಂಡು ಹೋದರು. ಗೋಡೆಯಷ್ಟು ದೊಡ್ಡ ಚಿತ್ರ, ಬಿಳಿ ಕುದುರೆಯ ಮೇಲೆ ಯಾರೋ ಡ್ಯೂಕ್. ನಾನು ಬಾಯಿಬಿಟ್ಟು ಅವನನ್ನೇ ನೋಡುತ್ತಿದ್ದೆ. ಮಾವ ಎಲ್ಲಿ? ಕೆಳಗೆ ಬಲಮೂಲೆಯಲ್ಲಿ ಮೂಗು ತಾಗುವಷ್ಟು ಹತ್ತಿರ ಬಗ್ಗಿದ್ದರು!

"ಇವನನ್ನ ನೋಡೇ. ಕುದುರೆ ಹಗ್ಗ ಹಿಡ್ಕೊಂಡು ನಿಂತಿದ್ದಾನೆ, ಪಾಪ. ಡ್ಯೂಕ್ ಇಳಿಯೋ ಹಾಗೇ ಕಾಣಲ್ಲ. ಇವನಿಗೆ ಊಟ ಆಗಿದೆಯೋ ಇಲ್ವೋ!"

ಅಷ್ಟರಲ್ಲಿ ಅಲಾರಂ ಕಿರುಚಿತು. ಕಾವಲಿನವನು ಓಡಿ ಬಂದು ನೆಲದ ಮೇಲಿನ ಗೆರೆಯಿಂದ ಹಿಂದೆ ಸರಿಯಲು ಹೇಳಿದ. ಮಾವ ಸರಿಯುತ್ತ ಅವನನ್ನು ಅನುಕಂಪದಿಂದ ನೋಡಿ, "ನಿನಗೆ ಊಟ ಆಯ್ತೇನಪ್ಪಾ?" ಎಂದು ಇಂಗ್ಲಿಷಿನಲ್ಲಿ ವಿಚಾರಿಸಿಕೊಂಡರು.

ಮುಂದಿನ ಕೋಣೆ ರೊಮ್ಯಾಂಟಿಕ್ ಯುಗದ್ದು. ಕುಡುಗೋಲು ಮಸೆಯುವ ಗಂಡಸರು, ಆಲೂಗಡ್ಡೆ ಹೆಕ್ಕುವ ಹೆಂಗಸರು ಎಲ್ಲರೂ ನಡುಮಧ್ಯೆ, ಮೈಮೇಲೆ ಬಿಸಿಲು. ಮಾವನ ಕಣ್ಣು ಒದ್ದೆಯಾಯಿತೆಂದು ನನಗೆ ಅನಿಸಿತು. ಕಲೆಯನ್ನು ಸವಿಯುತ್ತಿದ್ದಾರೆ ಎಂದುಕೊಂಡು ಪಕ್ಕಕ್ಕೆ ಹೋದರೆ, ಅವರು ಗೊಣಗುತ್ತಿದ್ದರು: "ಇವನಿಗೆ ಕುತ್ತಿಗೆ ಗಿಡ್ಡ, ಗಂಟಲಿಗೆ ನಳಿಕೆ ಹಾಕೋದು ಕಷ್ಟ. ಇವಳಿಗೆ ರಕ್ತ ಕಮ್ಮಿ. ಓ, ಈ ಅಜ್ಜನ್ನ ಆರಾಮಾಗಿ ಮಲಗಿಸಬಹುದು ನೋಡು!" ಇನ್ನೂರು ವರ್ಷ ಹೊಲದಲ್ಲಿ ಬಗ್ಗಿದ್ದ ಜನರಿಗೆಲ್ಲ ಅವತ್ತು ಆಪರೇಷನ್ನಿಗೆ ಅರ್ಹತೆ ಸಿಕ್ಕಿತು.

ಮಾವನಿಗೆ ಮುಖಗಳ ವಿಷಯದಲ್ಲಿ ಇನ್ನೊಂದು ವಿಚಿತ್ರವಿದೆ. ಅದನ್ನು ನನ್ನ ಗಂಡ ಕಣ್ಣಾರೆ ಕಂಡಿದ್ದಾನೆ. ಅರಿವಳಿಕೆ ಕೊಡುವವರು ನಿಲ್ಲುವುದು ರೋಗಿಯ ತಲೆಯ ಹಿಂದೆ. ಹಾಗಾಗಿ ಅವರು ಮುಕ್ಕಾಲು ಜೀವನ ಮನುಷ್ಯರನ್ನು ನೋಡಿದ್ದು ತಲೆಕೆಳಗಾಗಿ, ಗದ್ದ ಆಚೆ, ಹಣೆ ಈಚೆ. ರಸ್ತೆಯಲ್ಲಿ ಎದುರು ಬಂದರೆ ಹಳೇ ರೋಗಿಯ ಗುರುತು ಹತ್ತುವುದಿಲ್ಲ. ಒಮ್ಮೆ ಕೆಂಟನ್ನಿನ ಕ್ಷೌರದಂಗಡಿಯಲ್ಲಿ ದಢೂತಿ ಆಸಾಮಿಯೊಬ್ಬರು ತಲೆ ತೊಳೆಸಿಕೊಳ್ಳಲು ಬೇಸಿನ್ನಿಗೆ ಹಿಂದಕ್ಕೆ ಒರಗಿದ್ದರಂತೆ. ಅವರ ಹಿಂದಿನಿಂದ ಹಾದುಹೋಗುತ್ತಿದ್ದ ಮಾವ ಗಕ್ಕನೆ ನಿಂತು, ಬಗ್ಗಿ, ಸಂತೋಷದಿಂದ ಕೂಗಿದರು: "ಓಹೋ! ನೀವಾ! ಹರ್ನಿಯಾ!"

ಇಡೀ ಅಂಗಡಿ ತಿರುಗಿ ನೋಡಿತು. ಆ ಆಸಾಮಿ ನೊರೆಯ ನಡುವೆ ಕಣ್ಣು ಪಿಳುಕಿಸಿ, ತಮಗೆ ಇವರ ಪರಿಚಯವೇ ಇಲ್ಲ ಎಂದರು. ಎಲ್ಲಿಂದ ಇರಬೇಕು? ಮಾವನ ಮುಖ ಕಂಡ ಮರುನಿಮಿಷ ಎಲ್ಲರೂ ನಿದ್ದೆಗೆ ಜಾರಿದವರೇ. "ನಾನು ಇಲ್ಲೇ ಇರ್ತೀನಿ, ನೀವು ಏಳೋವಾಗ್ಲೂ ಇಲ್ಲೇ ಇರ್ತೀನಿ" ಎಂದು ಮಾವ ಒಬ್ಬೊಬ್ಬರಿಗೂ ಹೇಳಿದ್ದು ಯಾರ ನೆನಪಿನಲ್ಲಿ ಉಳಿದೀತು!

ಸರಿ, ಹುಡುಕಾಟದ ಕಥೆಗೆ ಬರೋಣ. ಮೊದಲ ಬಲಿ ಕಸದ ಲಾರಿಯವರು. ಬೆಳಗಾಗೆದ್ದು ಲಾರಿಯ ಸದ್ದು ಕೇಳಿದ್ದೇ ಮಾವ ಪೈಜಾಮದಲ್ಲೇ ಕಾಗದ ಪೆನ್ಸಿಲ್ ಹಿಡಿದು ಹಿಂದೆ ಓಡಿದರು. "ನಿಲ್ಲಿ, ನಿಮ್ಮನ್ನೇ ಹುಡುಕ್ತಿದ್ದೆ!" ಪೆನ್ಸಿಲ್ ಹಿಡಿದು ಅಟ್ಟಿಸಿಕೊಂಡು ಬರುವ ಮುದುಕನನ್ನು ಕಂಡು ಅವರು ಏನು ತಿಳಿಯಬೇಕು? ದೂರು ಕೊಡಲು ಬಂದಿದ್ದಾನೆ ಎಂದುಕೊಂಡು ಕ್ಷಮೆ ಕೇಳಿ ಹೊಸದೊಂದು ಕಸದ ಡಬ್ಬ ಕಳಿಸಿದರು. ಮುಂದಿನ ವಾರವೂ ಮಾವ ಓಡಿದರು. ಮತ್ತೊಂದು ಡಬ್ಬ ಬಂತು. ಇವತ್ತು ನಮ್ಮ ಮಾವನ ಮನೆಯ ಮುಂದಿರುವಷ್ಟು ಡಬ್ಬಗಳು ಇಡೀ ಕೆಂಟನ್ನಿನಲ್ಲಿ ಇನ್ಯಾರ ಮನೆಯ ಮುಂದೆಯೂ ಇಲ್ಲ!

ಆಮೇಲೆ ನನ್ನ ಗಂಡನ ಸರದಿ. ಅವನು ಮನೆಯಿಂದಲೇ ಆಫೀಸಿನ ಮೀಟಿಂಗಿನಲ್ಲಿದ್ದ. ಮೇಲೆ ಇಸ್ತ್ರಿ ಮಾಡಿದ ಅಂಗಿ, ಕೆಳಗೆ ಮಾಸಿದ ಚಡ್ಡಿ. ಮಾವ ಮೂಲೆಯಲ್ಲಿ ಕೂತು ಅರ್ಧ ಗಂಟೆ ಗೀಚಿ, ಕಾಗದ ಹರಿದು ಎದ್ದರು. "ಆಗಲ್ಲ ಕಣೇ. ನಿನ್ನ ಗಂಡ ಸೊಂಟದಿಂದ ಕೆಳಗೆ ಮಾತ್ರ ಸಾಮಾನ್ಯ."

ಆದರೆ ಸ್ಟ್ಯಾನ್ಮೋರಿನ ಪ್ರಸಂಗವಿದೆಯಲ್ಲ, ಅದರ ಮುಂದೆ ಇವೆಲ್ಲ ಏನೂ ಅಲ್ಲ!

ನಮ್ಮ ಕನ್ನಡ ಸಂಘದ ಸಮಾರಂಭದಲ್ಲಿ ಒಬ್ಬ ಹಿರಿಯ ಸರ್ಜನ್ನರಿಗೆ ಸನ್ಮಾನ. ಮಾವ ಅವರ ಜೊತೆ ಒಂದೇ ಆಪರೇಷನ್ ಕೋಣೆಯಲ್ಲಿ ವರ್ಷಾನುಗಟ್ಟಲೆ ಕೆಲಸ ಮಾಡಿದವರು. ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆದ ಮೇಲೆ ಸರ್ಜನ್ನರು ಮೈಕ್ ಹಿಡಿದು ಕೈಮುಗಿದರು: "ಇದೆಲ್ಲ ಯಾಕೆ? ನಾನೊಬ್ಬ ಸಾಮಾನ್ಯ ಮನುಷ್ಯ." ಸನ್ಮಾನ ಮಾಡಿಸಿಕೊಂಡ ಕನ್ನಡಿಗರು ಈ ವಾಕ್ಯ ಹೇಳಲೇಬೇಕೆಂದು ಎಲ್ಲಿ ಬರೆದಿದೆಯೋ ಗೊತ್ತಿಲ್ಲ. ಹೇಳದೆ ಕೆಳಗಿಳಿದವರನ್ನು ನಾನಂತೂ ಕಂಡಿಲ್ಲ. ನಾವೆಲ್ಲ ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿದೆವು. ಪಕ್ಕದಲ್ಲಿದ್ದ ಮಾವ ಮಾತ್ರ ನೆಟ್ಟಗೆ ಕೂತು ನನ್ನ ಮೊಣಕೈ ಹಿಡಿದರು. "ಕೇಳಿಸ್ತಾ? ತಾವಾಗೇ ಒಪ್ಕೊಂಡ್ರು!"

ಮಾರನೆಯ ಬೆಳಗ್ಗೆ ಸ್ಟ್ಯಾನ್ಮೋರಿನಲ್ಲಿರುವ ಸರ್ಜನ್ನರ ದೊಡ್ಡ ಮನೆಯ ಮುಂದೆ ನನ್ನ ಕಾರು ನಿಂತಿತು. ಹಿಂದಿನ ಸೀಟಿನಲ್ಲಿ ಚಿತ್ರ ಬರೆಯುವ ಸ್ಟ್ಯಾಂಡು, ಬಣ್ಣದ ಪೆಟ್ಟಿಗೆ ಮತ್ತು ತೋಟದ ಸಾಮಾನಿನ ಅಂಗಡಿಯಿಂದ ತಂದ ಒಂದು ಹೊಸ ಕುಡುಗೋಲು!

"ಏನ್ ಡಾಕ್ಟ್ರೇ, ಇದ್ದಕ್ಕಿದ್ದ ಹಾಗೆ?" ಸರ್ಜನ್ನರು ಕುಡುಗೋಲನ್ನೇ ನೋಡುತ್ತ ಕೇಳಿದರು.

"ನಿನ್ನೆ ತಾವೇ ಹೇಳಿದ್ರಲ್ಲ ಸಾರ್, ಸಾಮಾನ್ಯ ಮನುಷ್ಯ ಅಂತ. ಊರೆಲ್ಲ ಹುಡುಕಿದೆ, ಒಬ್ರೂ ಒಪ್ಪಿಲ್ಲ. ಇದನ್ನ ಹಿಡ್ಕೊಂಡು ಹುಲ್ಲಿನ ಮೇಲೆ ಸ್ವಲ್ಪ ಬಗ್ಗಿ ನಿಂತ್ಕೊಳ್ಳಿ."

"ಅವರಿಗೆ ಬೆನ್ನುನೋವು ಕಣ್ರೀ," ಎಂದರು ಸರ್ಜನ್ನರ ಹೆಂಡತಿ ಒಳಗಿನಿಂದ.

"ಪರವಾಗಿಲ್ಲಮ್ಮ, ಕೂತ್ಕೊಂಡಿರೋ ರೈತರೂ ಬೇಕಾದಷ್ಟು ಜನ ಇದ್ದಾರೆ."

ಸರ್ಜನ್ನರು ಸಭ್ಯರು, ಇಲ್ಲವೆನ್ನಲಿಲ್ಲ. ಒಳಗೆ ಹೋಗಿ ರೇಷ್ಮೆ ಜುಬ್ಬ ತೊಟ್ಟು ಬಂದರು. ಮೇಲೆ ನಿನ್ನೆಯ ಶಾಲು. ಕೂತ ಮೇಲೆ, ಹಿಂದೆ ನಿಂತಿರುವ ಹೊಸ ಕಾರು ಸ್ವಲ್ಪ ಕಾಣುವಂತೆ ಬರೆದರೆ ಹೇಗೆ ಎಂದು ಸಂಕೋಚದಿಂದ ಕೇಳಿದರು. ಮಾವ ಕುಂಚ ಆಡಿಸುತ್ತಲೇ ಇದ್ದರು. ಮುಗಿದ ಮೇಲೆ ನೋಡಿದರೆ ಚಿತ್ರದಲ್ಲಿ ರೈತನ ಮೂಗು ಬಾಯಿಯ ಮೇಲೆ ಆಪರೇಷನ್ನಿನ ಮುಖವಾಡ! "ಏನ್ ಮಾಡ್ಲಿ?" ಎಂದರು ಮಾವ ವಾಪಸ್ಸು ಬರುವಾಗ. "ಇಷ್ಟು ವರ್ಷ ಜೊತೆಗೆ ಕೆಲಸ ಮಾಡಿದ್ದೀನಿ, ಅವರ ಮೂಗಿನ ಕೆಳಗೆ ಏನಿದೆ ಅಂತ ಇವತ್ತೇ ಸರಿಯಾಗಿ ನೋಡಿದ್ದು. ಕೈ ನಂಬಲಿಲ್ಲ."

ಈ ಕಥೆ ಹೇಳಿ ನಾನು ಅಡುಗೆಮನೆಯಲ್ಲಿ ಬಿದ್ದು ಬಿದ್ದು ನಗುತ್ತಿದ್ದಾಗ ಅತ್ತೆ ನಗಲಿಲ್ಲ. ರೊಟ್ಟಿ ತಟ್ಟುತ್ತಲೇ ಹೇಳಿದರು: "ಆಪರೇಷನ್ ಆದ ಮ್ಯಾಲೆ ಪೇಷಂಟುಗಳು ಚಾಕಲೇಟು ತಂದು ಆ ಸರ್ಜನ್ನರಿಗೆ ಕೊಡ್ತಿದ್ರು. ಇವ್ರನ್ನ ಯಾರು ನೆನಪ ಇಡಬೇಕು? ನೀವಿಬ್ರು ನೋಡಿ ಬಂದ ಚಿತ್ರದಾಗ ಕುದುರಿ ಹಿಡ್ಕೊಂಡು ಮೂಲ್ಯಾಗ ನಿಂತಾವ ಯಾರು ಅಂತ ಈಗರೆ ತಿಳೀತೇನು?"

ನನ್ನ ನಗು ಅಲ್ಲಿಗೇ ನಿಂತಿತು. ನನಗೆ ಮಾವನ ಮೇಲೆ ಬಹಳ ಪ್ರೀತಿ ಬಂತು, ಜೊತೆಗೆ ಸಿಟ್ಟೂ ಬಂತು. ಮೂಲೆಯವರ ಬಗ್ಗೆ ಇಷ್ಟೆಲ್ಲ ಮರುಗುವ ಮನುಷ್ಯನಿಗೆ ತನ್ನ ಅಡುಗೆಮನೆಯ ಮೂಲೆಯಲ್ಲಿ ಹೆದರಿಕೊಂಡು ನಿಂತವರು ಕಾಣುವುದಿಲ್ಲವೇ?

"ಊರೆಲ್ಲಾ ಯಾಕ ತಿರಗ್ತೀರಿ? ನಾ ಇಲ್ಲೇ ಇದ್ದೀನಲ್ರೀ, ನನ್ನ ಬರೀರಿ," ಎಂದು ಅತ್ತೆ ಅವತ್ತು ಊಟಕ್ಕೆ ಬಡಿಸುವಾಗ ಹೇಳಿದರು.

"ನೀನಾ?" ಮಾವ ಬೆಚ್ಚಿಬಿದ್ದರು. "ನೀನು ಸಾಮಾನ್ಯ ಅಲ್ಲ ಕಣೇ!" ಅದು ಹೊಗಳಿಕೆಯೋ, ಭಯವೋ, ಇವತ್ತಿಗೂ ತೀರ್ಮಾನವಾಗಿಲ್ಲ.

ಆಪರೇಷನ್ನಿನ ದಿನ ಬಂತು. ನಾನು ರಜೆ ಹಾಕಿ ಜೊತೆಗೆ ಹೋದೆ. ನರ್ಸು ಹೇಳಿದಂತೆ ಅತ್ತೆ ಬಳೆ, ಸರ, ಮೂಗುಬೊಟ್ಟು ಒಂದೊಂದಾಗಿ ಬಿಚ್ಚಿ ಮಾವನ ಕರವಸ್ತ್ರದಲ್ಲಿ ಹಾಕಿದರು. ಕನ್ನಡಕ ತೆಗೆದರು. ಹಿಂದೆ ಲಾಡಿ ಕಟ್ಟುವ ಆ ಆಸ್ಪತ್ರೆಯ ಗೌನು ತೊಟ್ಟರು. ಕೊನೆಗೆ ಹಣೆಯ ಬೊಟ್ಟನ್ನು ಕಿತ್ತು ಮಾವನ ಕೈಯ ಹಿಂಭಾಗಕ್ಕೆ ಅಂಟಿಸಿ, "ಕಳೀಬ್ಯಾಡ್ರಿ" ಎಂದರು.

ಹಳೇ ಗುರುತಿನ ಮೇಲೆ ನಮ್ಮಿಬ್ಬರನ್ನೂ ಅರಿವಳಿಕೆ ಕೋಣೆಯ ಬಾಗಿಲ ತನಕ ಬಿಟ್ಟರು. ಅಲ್ಲಿಂದ ಮುಂದೆ ಮಾವನೂ ಹೋಗುವಂತಿಲ್ಲ. ಟ್ರಾಲಿ ನಿಂತಿತು. ನಾನು ಅತ್ತೆಯ ಪಕ್ಕದಲ್ಲಿ ನಿಂತೆ. ಮಾವನ ಕಾಲುಗಳು ಮಾತ್ರ ತಾವಾಗಿಯೇ ಹಳೇ ಜಾಗಕ್ಕೆ, ಅತ್ತೆಯ ತಲೆಯ ಹಿಂದಕ್ಕೆ ಹೋದವು. ಅತ್ತೆ ಮಲಗಿದಲ್ಲಿಂದಲೇ ಕಣ್ಣು ಮೇಲೆತ್ತಿ ಕೇಳಿದರು: "ಏನ್ರೀ, ಈಗರೆ ಹೇಳ್ರಿ. ಏಳ್ತೀನಲ್ಲ?"

ಎಷ್ಟು ಸಾವಿರ ಜನರಿಗೆ ಉತ್ತರ ಕೊಟ್ಟ ಪ್ರಶ್ನೆ ಅದು! "ನಾನು ಇಲ್ಲೇ ಇರ್ತೀನಿ" ಎನ್ನಬೇಕು, ಅಷ್ಟೆ. ಆದರೆ ಇವತ್ತು ಅವರು ಇರುವುದು ಬಾಗಿಲ ಹೊರಗೆ. ಮಾವ ಬಗ್ಗಿದರು. ಅವರ ತುಟಿಯ ಎರಡು ತುದಿಗಳೂ ಗದ್ದದ ಕಡೆಗೆ ಜೋತುಬಿದ್ದಿದ್ದವು, ಕೆಳತುಟಿ ನಡುಗುತ್ತಿತ್ತು, ಕಣ್ಣು ತುಂಬಿತ್ತು. ಅಳು ಬರುವ ಮಗುವಿನ ಮುಖ. ಒಂದು ಅಕ್ಷರವೂ ಹೊರಡಲಿಲ್ಲ. ಅಯ್ಯೋ, ಇವರೇ ಹೀಗಾದರೆ ಅತ್ತೆಯ ಗತಿ ಏನು! ಆದರೆ ಅತ್ತೆ ಆ ಮುಖವನ್ನು ಒಂದು ಗಳಿಗೆ ದಿಟ್ಟಿಸಿ, ಇದ್ದಕ್ಕಿದ್ದಂತೆ ಬಾಯ್ತುಂಬ ನಕ್ಕರು! ನಗುತ್ತಲೇ ಒಳಗೆ ಹೋದರು. ನನಗೆ ಅರ್ಥವಾಗಲಿಲ್ಲ.

ಹೊರಗಿನ ಬೆಂಚಿನಲ್ಲಿ ಮಾವ ರೊಮ್ಯಾಂಟಿಕ್ ಯುಗದ ಬಗ್ಗೆ ಒಂದು ಮಾತೂ ಆಡಲಿಲ್ಲ. ಕೈಮೇಲಿನ ಬೊಟ್ಟು ಬಿದ್ದುಹೋಗದಂತೆ ಇನ್ನೊಂದು ಕೈ ಮುಚ್ಚಿಕೊಂಡು ಕೂತಿದ್ದರು.

ಅತ್ತೆ ಎದ್ದರು. ಎದ್ದವರೇ ಕೇಳಿದ ಮೊದಲ ಮಾತು: "ನನ್ನ ಬೊಟ್ಟೆಲ್ಲಿ?"

ಅವತ್ತಿನಿಂದ ಮಾವ ಹಿಂದಿನ ಕೋಣೆ ಸೇರಿ ಬಾಗಿಲು ಹಾಕಿಕೊಂಡರು. ಪ್ರದರ್ಶನಕ್ಕೆ ಚಿತ್ರ ಸಿದ್ಧವಾಯಿತು. ಲೈಬ್ರರಿಯ ಗೋಡೆಯ ಮೇಲೆ ಹಣ್ಣಿನ ತಟ್ಟೆ, ನಾಯಿಮರಿ, ಕೊಳದ ಬಾತುಕೋಳಿಗಳ ನಡುವೆ ನಮ್ಮ ಮಾವನದು ಒಂದು ದೊಡ್ಡ ಮುಖ, ತಲೆಕೆಳಗಾಗಿ! ಲೈಬ್ರರಿಯ ಹುಡುಗಿ ಯಾರೋ ತಪ್ಪಾಗಿ ತೂಗುಹಾಕಿದ್ದಾರೆಂದು ಓಡಿ ಬಂದು ಸರಿಮಾಡಿದಳು. ಮಾವ ಮತ್ತೆ ತಿರುಗಿಸಿದರು. ಅವಳು ಮತ್ತೆ ಸರಿಮಾಡಿದಳು, ಕೊನೆಗೆ ಗೆದ್ದವರು ಮಾವ. ಸಂಘದವರು ಕತ್ತು ಓರೆಮಾಡಿ, ಸೊಂಟ ಬಗ್ಗಿಸಿ ನೋಡಿದರು. ಯೋಗ ಕಲಿಸುವವರೊಬ್ಬರು ಶೀರ್ಷಾಸನಕ್ಕೇ ಸಿದ್ಧರಾದರು!

ಸ್ಟ್ಯಾನ್ಮೋರಿನ ಸರ್ಜನ್ನರೂ ಬಂದಿದ್ದರು. ಚಿತ್ರದ ಮುಂದೆ ಬಹಳ ಹೊತ್ತು ನಿಂತು, "ನಾನು ಯಾವತ್ತೂ ಈ ಕಡೆಯಿಂದ ನೋಡೇ ಇಲ್ಲ ಡಾಕ್ಟ್ರೇ" ಎಂದರು ಮೆಲ್ಲಗೆ.

"ಆ ಕಾಲದ ಕಲಾವಿದರೆಲ್ಲ ಹೊಲದಲ್ಲಿ ಹುಡುಕಿದ್ರು, ನಾನು ಬೀದಿಯಲ್ಲಿ ಹುಡುಕಿದೆ," ಎಂದರು ಮಾವ. "ಹಲ್ಲಿನ ಸೆಟ್ಟು, ಉಂಗುರ, ಕನ್ನಡಕ ತೆಗೆದಿಟ್ಟು ಮಲಗಿದ್ರೆ ಲಾರ್ಡ್ ಆದ್ರೂ ಅಷ್ಟೇ, ಬಸ್ ಡ್ರೈವರ್ ಆದ್ರೂ ಅಷ್ಟೇ. ಎಲ್ಲರೂ ಕೇಳೋದು ಅದೊಂದೇ ಮಾತು, ಏಳ್ತೀನಾ ಅಂತ. ಸಾಮಾನ್ಯ ಮನುಷ್ಯರು ನನ್ನ ಕೈಕೆಳಗೇ ಇದ್ರು." ಅವರ ಜೀವಮಾನದ ಅತಿ ಚಿಕ್ಕ ಭಾಷಣ ಅದು. ಯಾರಿಗೂ ನಿದ್ದೆ ಬರಲಿಲ್ಲ.

ಮುಖ ಅತ್ತೆಯದೆಂದು ಬೇರೆ ಹೇಳಬೇಕೇ? ಅತ್ತೆ ನನ್ನ ತೋಳು ಹಿಡಿದು ನಿಧಾನವಾಗಿ ಚಿತ್ರದ ಹತ್ತಿರ ಬಂದು, ಕತ್ತು ತಿರುಗಿಸಿ ನೋಡಿದರು. "ನೋಡಲ್ಲೇ! ಮಂದಿ ಮುಂದ ನನ್ನ ಬೋಳು ಹಣೀಲೆ ನಿಲ್ಲಿಸ್ಯಾರ!" ಎನ್ನುತ್ತ ತಮ್ಮ ಹಣೆಯ ಬೊಟ್ಟನ್ನು ಕಿತ್ತು, ಚಿತ್ರದ ಕೆಳಗಡೆ ಇದ್ದ ಹಣೆಗೆ ಒತ್ತಿ ಅಂಟಿಸಿಯೇಬಿಟ್ಟರು! ಬಣ್ಣ ಇನ್ನೂ ಸರಿಯಾಗಿ ಒಣಗಿರಲಿಲ್ಲ. ಮಾವ ಹಾಂ ಹಾಂ ಎನ್ನುವಷ್ಟರಲ್ಲಿ ಅದು ಅಲ್ಲೇ ಕೂತುಬಿಟ್ಟಿತ್ತು.

ಆಮೇಲೆ ಅತ್ತೆ ನನ್ನ ಕಿವಿಯ ಹತ್ತಿರ ಬಗ್ಗಿದರು. "ಖರೇ ಹೇಳ್ತೀನಿ ಕೇಳು. ಅವತ್ತು ಬಾಗಲ ಮುಂದ ಇವ್ರು ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಆದ್ರ ಎಷ್ಟ ಚಂದ ನಕ್ರು ಅಂತಿ! ಕಣ್ಣಿನ ತನಕಾ ನಗಿ! ಲಗ್ನದಾಗ ಸುದ್ದಾ ಹಂಗ ನಕ್ಕಿರಲಿಲ್ಲ. ಅದನ್ನ ನೋಡಿದ ಮ್ಯಾಲೆ ನನಗ ಯಾವ ಅಂಜಿಕಿ?"

ನಾನು ಚಿತ್ರದ ಕಡೆ ನೋಡಿದೆ, ಮಾವನ ಕಡೆ ನೋಡಿದೆ. ಆಗ ನನಗೆ ಹೊಳೆಯಿತು. ಮಲಗಿದವರಿಗೆ ಮಾವನ ಮುಖವೂ ತಲೆಕೆಳಗೇ. ಗದ್ದದ ಕಡೆಗೆ ಜೋತ ತುಟಿ ಅಲ್ಲಿಂದ ನೋಡಿದರೆ ನಗುವಾಗಿಯೇ ಕಾಣಬೇಕು. ಮಾವನಿಗೂ ಅತ್ತೆಯ ಮಾತು ಕೇಳಿಸಿರಬೇಕು. ಗಡಿಬಿಡಿಯಿಂದ ಆಚೆ ತಿರುಗಿ, ಲೈಬ್ರರಿಯ ಹುಡುಗಿಯನ್ನು ಹಿಡಿದುಕೊಂಡು ರೊಮ್ಯಾಂಟಿಕ್ ಯುಗದ ಬಗ್ಗೆ ಮೊದಲಿನಿಂದ ಶುರುಮಾಡಿಬಿಟ್ಟರು.

ಅವತ್ತು ಆಸ್ಪತ್ರೆಯಲ್ಲಿ ಮಾವನ ಮುಖವನ್ನು ಪಕ್ಕದಲ್ಲಿ ನೇರವಾಗಿ ನಿಂತು ನೋಡಿದವಳು ನಾನೊಬ್ಬಳೇ. ಕಂಡದ್ದನ್ನು ಅತ್ತೆಗೆ ಹೇಳಿಲ್ಲ. ಹೇಳುವುದೂ ಇಲ್ಲ.